1,200 ಚದರ ಅಡಿ ಅಂದ್ರೆ ನಿಜಕ್ಕೂ ಎಷ್ಟು?

ನಮ್ಮ ಭಾವ ತಮ್ಮ ಟ್ಯಾಕ್ಸ್ ಕೆಲಸಕ್ಕೆ ಅಂತ ಬೆಂಗಳೂರಿನಲ್ಲಿ ಒಂದು ಆಫೀಸು ಬಾಡಿಗೆಗೆ ಹಿಡಿದರು. ಕಮರ್ಷಿಯಲ್ ಬಿಲ್ಡಿಂಗು, ಎರಡನೇ ಮಹಡಿ. ಕಾಗದದಲ್ಲಿ 1,200 ಚದರ ಅಡಿ. ಅಡಿಗೆ 70 ರೂಪಾಯಿ ಲೆಕ್ಕದಲ್ಲಿ ತಿಂಗಳಿಗೆ 84,000. ಟೇಬಲ್ಲು ಕಪಾಟು ಮಾಡೋಕೆ ಬಂದ ಕಾರ್ಪೆಂಟರ್ ಅಳತೆ ತಗೊಂಡು, 'ಸಾರ್, ಇದು ಎಂಟು ಚದರ, ಅಂದ್ರೆ 800 ಅಡಿ ಅಷ್ಟೇ' ಅಂದುಬಿಟ್ಟ. ಭಾವನಿಗೆ ತಲೆ ಕೆಟ್ಟಿತು. ನನಗೆ ಫೋನ್ ಮಾಡಿ 'ಬಾರಯ್ಯ, ಬರುವಾಗ ಟೇಪ್ ತಗೊಂಡು ಬಾ' ಅಂದರು.

ನಾನು ಹೋದೆ, ಟೇಪ್ ಮಾತ್ರ ಮನೆಯಲ್ಲೇ ಉಳಿಯಿತು. ಹಾಗಾಗಿ ಇಬ್ಬರೂ ಬಗ್ಗಿ ನೆಲದ ಟೈಲ್ಸ್ ಎಣಿಸಿದೆವು. ಅಡ್ಡಕ್ಕೆ 13, ಉದ್ದಕ್ಕೆ 16, ಒಟ್ಟು 208. ಎಲ್ಲವೂ ಎರಡು ಅಡಿ ಟೈಲ್ಸ್ ಅಂತ ಕರೆಯುತ್ತಾರಲ್ಲ, ಆ 600 ಮಿಲಿಮೀಟರಿನವು. ಒಂದೊಂದು ಟೈಲು 3.875 ಚದರ ಅಡಿ, ಎಲ್ಲರೂ ಅಂದುಕೊಂಡ ಹಾಗೆ 4 ಅಲ್ಲ. ಗುಣಿಸಿದರೆ 806. ನಡುವೆ ಎರಡು ಪಿಲ್ಲರ್, ತಲಾ 3 ಚದರ ಅಡಿ. ಕಳೆದರೆ 800. ಕಾರ್ಪೆಂಟರ್ ಹೇಳಿದ್ದು ಸರಿಯಾಗೇ ಇತ್ತು.

'ಮೋಸ!' ಅಂದರು ಭಾವ. ಆದರೆ ಅಗ್ರಿಮೆಂಟ್ ತೆಗೆದು ನೋಡಿದರೆ 'ಸೂಪರ್ ಬಿಲ್ಟ್ ಅಪ್ ಏರಿಯಾ 1,200 ಚದರ ಅಡಿ' ಅಂತ ಬರೆದಿತ್ತು, ಕೆಳಗೆ ಅವರದ್ದೇ ಸಹಿ. ಅಲ್ಲಿ ಸುಳ್ಳು ಏನೂ ಇರಲಿಲ್ಲ. ಅವರಿಗೆ ಆ ಮೂರು ಪದಗಳ ಅರ್ಥ ಗೊತ್ತಿರಲಿಲ್ಲ ಅಷ್ಟೇ. ಅಂಗಡಿ, ಆಫೀಸು, ಕ್ಲಿನಿಕ್ಕು, ಟ್ಯೂಷನ್ ಸೆಂಟರ್ ಅಂತ ಜಾಗ ಹುಡುಕುವ ತುಂಬಾ ಜನ ಇಲ್ಲೇ ಎಡವುತ್ತಾರೆ. ಮನೆ ಕಟ್ಟಿಸುವವರು ಎಡವುವುದು ಇನ್ನೊಂದು ಕಡೆ, ಕೋಣೆಯ ಅಳತೆಯಲ್ಲಿ. ಎರಡನ್ನೂ ಒಂದೊಂದಾಗಿ ನೋಡೋಣ.

ಅಡಿ, ಮೀಟರ್, ಚದರ

ಮೊದಲು ಅಳತೆಯ ಮಾತು. ಮಾರುಕಟ್ಟೆ ಮಾತಾಡುವುದು ಚದರ ಅಡಿಯಲ್ಲಿ. ಸರ್ಕಾರಿ ನಿಯಮ ಇರುವುದು ಚದರ ಮೀಟರಿನಲ್ಲಿ. ಒಂದು ಚದರ ಮೀಟರ್ ಅಂದರೆ 10.764 ಚದರ ಅಡಿ. ನಮ್ಮ ಕಡೆ ಗಾರೆ ಮೇಸ್ತ್ರಿಗಳು ಹೇಳುವ 'ಚದರ' ಇನ್ನೊಂದು. ಅವರ ಬಾಯಲ್ಲಿ ಒಂದು ಚದರ ಅಂದರೆ 100 ಚದರ ಅಡಿ. 'ಹತ್ತು ಚದರದ ಮನೆ' ಅಂದರೆ ಸಾವಿರ ಚದರ ಅಡಿ ಮನೆ. ಕಾರ್ಪೆಂಟರ್ ಎಂಟು ಚದರ ಅಂದಿದ್ದು ಈ ಲೆಕ್ಕದಲ್ಲೇ.

ಒಂದು ಸಣ್ಣ ತಪ್ಪು ಎಲ್ಲರೂ ಮಾಡುತ್ತಾರೆ. 10 ಅಡಿ 6 ಇಂಚನ್ನು ಚೀಟಿಯಲ್ಲಿ 10.6 ಅಂತ ಬರೆದುಕೊಳ್ಳುವುದು. ಬರೆಯುವುದೇನೋ ಸರಿ, ಅದನ್ನೇ ಕ್ಯಾಲ್ಕುಲೇಟರಿಗೆ ಹಾಕಿದರೆ ಲೆಕ್ಕ ಕೆಡುತ್ತದೆ. ಅಡಿಗೆ 12 ಇಂಚು, ಆರು ಇಂಚು ಅಂದರೆ ಅರ್ಧ ಅಡಿ, ಹಾಗಾಗಿ ಅದು 10.5.

ಒಂದೇ ಜಾಗ, ಮೂರು ನಂಬರು

ಇಡೀ ಹಲಸಿನಹಣ್ಣನ್ನು ತೂಕ ಹಾಕಿ ಕೊಂಡು ತಂದಿದ್ದೀರಿ ಅಂದುಕೊಳ್ಳಿ. ಹತ್ತು ಕೆಜಿ. ಮನೆಗೆ ಬಂದು ಕೈಗೆ ಎಣ್ಣೆ ಹಚ್ಚಿಕೊಂಡು ಬಿಡಿಸಿದ ಮೇಲೆ ತೊಳೆ ಎಷ್ಟು ಸಿಕ್ಕಿತು? ಹತ್ತು ಕೆಜಿ ಅಂತೂ ಅಲ್ಲ. ಅಂಗಡಿಯವನು ತೂಕದಲ್ಲಿ ಮೋಸ ಮಾಡಿಲ್ಲ. ನೀವು ದುಡ್ಡು ಕೊಟ್ಟಿದ್ದು ಹಣ್ಣಿಗೆ, ತಿನ್ನುವುದು ತೊಳೆ.

ಕಾರ್ಪೆಟ್ ಏರಿಯಾ ಅಂದರೆ ಈ ತೊಳೆ. ಗೋಡೆಯಿಂದ ಗೋಡೆಗೆ ಜಮಖಾನ ಹಾಸಿದರೆ ಎಷ್ಟು ಜಾಗ ಮುಚ್ಚುತ್ತದೋ ಅಷ್ಟು. ಬಿಲ್ಟ್ ಅಪ್ ಏರಿಯಾ ಅಂದರೆ ಅದಕ್ಕೆ ಗೋಡೆಗಳ ದಪ್ಪ, ಬಾಲ್ಕನಿ, ಡಕ್ಟು ಇಂಥವು ಸೇರಿದ ಲೆಕ್ಕ. ಸೂಪರ್ ಬಿಲ್ಟ್ ಅಪ್ ಅಂದರೆ ಅದರ ಮೇಲೆ ಇಡೀ ಕಟ್ಟಡದಲ್ಲಿ ಎಲ್ಲರೂ ಬಳಸುವ ಜಾಗದಲ್ಲಿ ನಿಮ್ಮ ಪಾಲನ್ನೂ ಸೇರಿಸಿದ್ದು. ಲಾಬಿ, ಮೆಟ್ಟಿಲು, ಲಿಫ್ಟು, ಕಾರಿಡಾರು, ಜನರೇಟರ್ ರೂಮು, ಸೆಕ್ಯುರಿಟಿಯವರು ಕೂರುವ ಗೂಡು, ಎಲ್ಲವೂ.

ಈ ಮೂರರಲ್ಲಿ ಸೂಪರ್ ಬಿಲ್ಟ್ ಅಪ್ ಅನ್ನುವುದು ಮಾರುಕಟ್ಟೆಯ ಪದ. ಅದರಲ್ಲಿ ಏನೇನು ಸೇರಬೇಕು ಅಂತ ಫ್ಲಾಟು, ಅಂಗಡಿ ಮಾರಾಟಕ್ಕೆ ಇರುವ ರೇರಾ ಕಾಯ್ದೆ ಹೇಳುವುದಿಲ್ಲ. ಒಬ್ಬ ಮಾಲೀಕ ಟೆರೇಸನ್ನೂ ಸೇರಿಸಬಹುದು, ಇನ್ನೊಬ್ಬ ಬಿಡಬಹುದು.

ಆ 400 ಅಡಿ ಎಲ್ಲಿಂದ ಬಂತು?

ಭಾವನ ಆಫೀಸಿನ ಲೆಕ್ಕವನ್ನೇ ಬಿಡಿಸೋಣ. ಒಳಗೆ 800. ಹೊರಗೋಡೆ, ಪಕ್ಕದವರ ಜೊತೆ ಹಂಚಿಕೊಂಡ ಗೋಡೆಯ ಅರ್ಧ, ಪೈಪು ಇಳಿಯುವ ಡಕ್ಟು, ಎಸಿಯ ಹೊರಗಿನ ಯೂನಿಟ್ಟು ಇಡುವ ಕಟ್ಟೆ, ಎಲ್ಲ ಸೇರಿ 100. ಅಲ್ಲಿಗೆ ಬಿಲ್ಟ್ ಅಪ್ 900.

ಆ ಮಹಡಿಯಲ್ಲಿ ಇಂಥವೇ ನಾಲ್ಕು ಆಫೀಸು. ಅಂದರೆ 3,600. ಮಹಡಿಯಲ್ಲಿ ಎಲ್ಲರಿಗೂ ಸೇರಿದ್ದು ಕಾರಿಡಾರು, ಮೆಟ್ಟಿಲು, ಲಿಫ್ಟಿನ ಮುಂದಿನ ಜಾಗ, ಎರಡು ಟಾಯ್ಲೆಟ್ಟು, ಸುಮಾರು 700. ಕೆಳಗಿನ ಲಾಬಿ, ಎಲೆಕ್ಟ್ರಿಕಲ್ ರೂಮು, ಪಂಪ್ ರೂಮು ಇವುಗಳಲ್ಲಿ ಈ ಮಹಡಿಯ ಪಾಲು 500. ಒಟ್ಟು 1,200 ಚದರ ಅಡಿ ಸಾಮಾನ್ಯ ಜಾಗವನ್ನು ನಾಲ್ಕು ಜನಕ್ಕೆ ಹಂಚಬೇಕು. ಹೋಟೆಲಿನಲ್ಲಿ ನಾಲ್ವರು ಕೂತು ತಿಂದು, ಮಧ್ಯೆ ತರಿಸಿದ ಬೋಂಡಾ ಪ್ಲೇಟಿನ ಬಿಲ್ಲನ್ನು ಹಂಚಿಕೊಂಡ ಹಾಗೆ. ತಲಾ 300. 900ಕ್ಕೆ 300 ಸೇರಿತು, 1,200 ಆಯಿತು.

ಎಲ್ಲರ ಆಫೀಸೂ ಒಂದೇ ಸೈಜಿನದಾಗಿದ್ದರಿಂದ ಇದು ಸುಲಭ. ಒಂದು ದೊಡ್ಡದು ಮೂರು ಚಿಕ್ಕದು ಇದ್ದರೆ, ಅವರವರ ಬಿಲ್ಟ್ ಅಪ್ ಎಷ್ಟೋ ಅದರ ಅನುಪಾತದಲ್ಲಿ ಹಂಚುತ್ತಾರೆ.

ಇಲ್ಲಿ ಕೇಳಲೇಬೇಕಾದ ಎರಡು ಪ್ರಶ್ನೆ ಇದೆ. ಪಾರ್ಕಿಂಗಿಗೆ ಬೇರೆ ದುಡ್ಡು ತಗೊಳ್ಳುತ್ತಿದ್ದರೆ ಅದರ ಜಾಗ ಈ ಲೆಕ್ಕದಲ್ಲೂ ಸೇರಿದೆಯಾ? ಇನ್ನೊಂದು, ಲಿಫ್ಟ್ ಓಡಾಡುವ ಗುಂಡಿಯನ್ನು ಪ್ರತಿ ಮಹಡಿಯಲ್ಲೂ ಏರಿಯಾ ಅಂತ ಎಣಿಸಿದ್ದಾರಾ? ಮೂರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲಾಚೆ ನೆಲವೇ ಇಲ್ಲ, ಬರೀ ಗುಂಡಿ. ಅದಕ್ಕೂ ಅಡಿ ಲೆಕ್ಕದಲ್ಲಿ ಬಾಡಿಗೆ ಕಟ್ಟುತ್ತಿರಬಹುದು.

33 ಪರ್ಸೆಂಟಾ? 50 ಪರ್ಸೆಂಟಾ?

ಬ್ರೋಕರ್ ಹತ್ತಿರ ಕೇಳಿದರೆ ಎರಡು ಪದ ಬರುತ್ತವೆ. ಒಂದು ಲೋಡಿಂಗ್, ಇನ್ನೊಂದು ಎಫಿಶಿಯೆನ್ಸಿ. ಎರಡೂ ಒಂದೇ ಗ್ಯಾಪನ್ನು ಹೇಳುತ್ತವೆ, ಆದರೆ ಬೇರೆ ಬೇರೆ ತುದಿಯಿಂದ.

ಲೋಡಿಂಗ್ ಲೆಕ್ಕ ಹಾಕುವುದು ಕಾರ್ಪೆಟ್ ಮೇಲೆ. 800ಕ್ಕೆ 400 ಸೇರಿಸಿದ್ದಾರೆ, ಅಂದರೆ 50 ಪರ್ಸೆಂಟ್ ಲೋಡಿಂಗ್. ಎಫಿಶಿಯೆನ್ಸಿ ನೋಡುವುದು ಸೂಪರ್ ಬಿಲ್ಟ್ ಅಪ್ ಕಡೆಯಿಂದ. 1,200ರಲ್ಲಿ 800 ಸಿಕ್ಕಿದೆ, ಸುಮಾರು 67 ಪರ್ಸೆಂಟ್. ಆಗ ಹೋಗಿದ್ದು 33 ಪರ್ಸೆಂಟ್. '33 ಪರ್ಸೆಂಟ್ ಅಷ್ಟೇ ಸಾರ್, ಎಲ್ಲಾ ಕಡೆ ಹೀಗೇ' ಅಂದರೆ ಕಿವಿಗೆ ಹಿತ. 'ಒಳಗಿನ ಜಾಗದ ಅರ್ಧದಷ್ಟು ಮೇಲೆ ಹಾಕಿದ್ದೀವಿ' ಅಂದರೆ ಅಷ್ಟು ಹಿತ ಅನಿಸಲ್ಲ. ಕೆಲವರು ಲೋಡಿಂಗನ್ನು ಬಿಲ್ಟ್ ಅಪ್ ಮೇಲೂ ಹಾಕುತ್ತಾರೆ. ಆಗ 900ಕ್ಕೆ 300, ಅದೂ 33 ಪರ್ಸೆಂಟೇ! ಹಾಗಾಗಿ ಪರ್ಸೆಂಟು ಕೇಳಲೇಬೇಡಿ. 'ಕಾರ್ಪೆಟ್ ಎಷ್ಟು ಅಡಿ?' ಅಂತ ಒಂದೇ ಮಾತು ಕೇಳಿ.

ಅದು ಗೊತ್ತಾದರೆ ಎರಡು ಜಾಗ ಹೋಲಿಸುವುದು ಸುಲಭ. ಭಾವನ ಆಫೀಸಿಗೆ ಅಡಿಗೆ 70 ರೂಪಾಯಿ. ಅದರ ಪಕ್ಕದ ರಸ್ತೆಯಲ್ಲಿ ಇನ್ನೊಂದು ಜಾಗ ಇದೆ ಅಂದುಕೊಳ್ಳಿ, ಸೂಪರ್ ಬಿಲ್ಟ್ ಅಪ್ 1,000, ಅಡಿಗೆ 80 ರೂಪಾಯಿ, ಒಳಗೆ ಅದೂ 800. ಬಾಯಿ ಮಾತಿನಲ್ಲಿ 70 ಅಗ್ಗ, 80 ದುಬಾರಿ. ಲೆಕ್ಕ ಹಾಕಿದರೆ ಮೊದಲನೆಯದಕ್ಕೆ ತಿಂಗಳಿಗೆ 84,000, ಎರಡನೆಯದಕ್ಕೆ 80,000. ಕಾರ್ಪೆಟ್ ಅಡಿಗೆ 105 ಮತ್ತು 100.

ಬಾಡಿಗೆಗೇ ನಿಲ್ಲುವುದಿಲ್ಲ ಇದು. ಮೇಂಟೆನೆನ್ಸನ್ನೂ ಸೂಪರ್ ಬಿಲ್ಟ್ ಅಪ್ ಮೇಲೇ ಹಾಕುತ್ತಾರೆ. ಅಡಿಗೆ 10 ರೂಪಾಯಿ ಅಂದರೆ ಒಂದು ಕಡೆ 12,000, ಇನ್ನೊಂದು ಕಡೆ 10,000. ಎರಡೂ ಸೇರಿ ತಿಂಗಳಿಗೆ 6,000 ವ್ಯತ್ಯಾಸ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ 7,080. ವರ್ಷಕ್ಕೆ ಹತ್ತಿರ ಹತ್ತಿರ 85,000. ಅಂದರೆ 'ಅಗ್ಗದ' ಆಫೀಸು ಹಿಡಿದವರು ವರ್ಷಕ್ಕೆ ಒಂದು ತಿಂಗಳ ಬಾಡಿಗೆಯಷ್ಟು ಜಾಸ್ತಿ ಕೊಡುತ್ತಾರೆ, ಕೂರುವ ಜಾಗ ಒಂದಿಂಚೂ ಜಾಸ್ತಿ ಸಿಗದೆ. ತಿಂಗಳ ಬಾಡಿಗೆ ಹಿಡಿದು ಹತ್ತು ಪಟ್ಟು ಅಡ್ವಾನ್ಸ್ ಕೇಳಿದರೆ ಅಲ್ಲೂ ಇದೇ ಲೆಕ್ಕ.

ಹಾಗಂತ ಲೋಡಿಂಗ್ ಜಾಸ್ತಿ ಇರುವ ಬಿಲ್ಡಿಂಗೆಲ್ಲ ಕೆಟ್ಟದ್ದು ಅಂತಲ್ಲ. ಅಗಲವಾದ ಮೆಟ್ಟಿಲು, ಎರಡು ಲಿಫ್ಟು, ಬೆಂಕಿ ಬಿದ್ದರೆ ಓಡೋಕೆ ಬೇರೆ ದಾರಿ, ಇವೆಲ್ಲ ಜಾಗ ತಿನ್ನುತ್ತವೆ. ಅವು ಬೇಕು ಕೂಡ. ಲೋಡಿಂಗ್ ತೀರಾ ಕಡಿಮೆ ಅಂದರೆ ಮೆಟ್ಟಿಲ ಹತ್ತಿರ ಒಮ್ಮೆ ಹೋಗಿ ನಿಂತು ನೋಡಿ.

ರೇರಾ ಇದೆಯಲ್ಲ?

ಇದೆ. ಆದರೆ ಬಾಡಿಗೆದಾರರಿಗೆ ಅಲ್ಲ.

2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ನಾವು ರೇರಾ ಅನ್ನುವುದು, ಕಾರ್ಪೆಟ್ ಏರಿಯಾಗೆ ಒಂದು ಅರ್ಥ ಕಟ್ಟಿಕೊಟ್ಟಿತು. ಕರ್ನಾಟಕದ ನಿಯಮಗಳು ಬಂದಿದ್ದು 2017ರ ಜುಲೈನಲ್ಲಿ. ಅದರ ಪ್ರಕಾರ ಒಳಗೆ ಬಳಸಬಹುದಾದ ನೆಲವೆಲ್ಲ ಕಾರ್ಪೆಟ್. ಹೊರಗೋಡೆ ಸೇರಲ್ಲ. ಡಕ್ಟು ಸೇರಲ್ಲ. ನಿಮಗೇ ಮೀಸಲಾದ ಬಾಲ್ಕನಿ, ವರಾಂಡ, ತೆರೆದ ಟೆರೇಸು ಸೇರಲ್ಲ. ಆದರೆ ಒಳಗೆ ಕೋಣೆ ಕೋಣೆಗೆ ಮಧ್ಯೆ ಇರುವ ಗೋಡೆ ಸೇರುತ್ತದೆ. ಇದನ್ನು ಗಮನಿಸಿ, ಜಮಖಾನದ ಲೆಕ್ಕಕ್ಕೂ ರೇರಾ ಲೆಕ್ಕಕ್ಕೂ ಇಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ. ಒಳಗೋಡೆಯ ಮೇಲೆ ಯಾರೂ ಜಮಖಾನ ಹಾಸಲ್ಲ.

ಈ ಕಾಯ್ದೆಯಲ್ಲಿ 'ಅಪಾರ್ಟ್‌ಮೆಂಟ್' ಅನ್ನುವ ಪದಕ್ಕೆ ಅಗಲವಾದ ಅರ್ಥ ಇದೆ. ಫ್ಲಾಟು ಮಾತ್ರ ಅಲ್ಲ, ಅಂಗಡಿ, ಆಫೀಸು, ಶೋರೂಮು, ಗೋಡೌನು ಎಲ್ಲ ಅದರೊಳಗೇ ಬರುತ್ತವೆ. ಹಾಗಾಗಿ ರೇರಾದಲ್ಲಿ ನೋಂದಾಯಿಸಿದ ಹೊಸ ಕಮರ್ಷಿಯಲ್ ಪ್ರಾಜೆಕ್ಟಿನಲ್ಲಿ ಅಂಗಡಿ ಕೊಂಡರೆ ಕಾರ್ಪೆಟ್ ಏರಿಯಾ ಹೇಳಲೇಬೇಕು. ಆದರೆ ಬಾಡಿಗೆಗೆ ತಗೊಂಡವರನ್ನು ಕಾಯ್ದೆ ಕೊಳ್ಳುವವರ ಪಟ್ಟಿಯಿಂದ ಹೊರಗಿಟ್ಟಿದೆ. ಅವರಿಗೆ ಅಗ್ರಿಮೆಂಟಿನಲ್ಲಿ ಬರೆದದ್ದೇ ಕಾಯ್ದೆ.

ಇನ್ನೂ ಒಂದು ಗೊಂದಲ ಇದೆ. ಐಎಸ್ 3861 ಅಂತ ಭಾರತೀಯ ಮಾನಕ ಬ್ಯೂರೋದ ಒಂದು ದಾಖಲೆ ಇದೆ. ಕಟ್ಟಡದ ಪ್ಲಿಂತ್ (ಗೋಡೆಯೂ ಸೇರಿದ ಜಾಗ), ಕಾರ್ಪೆಟ್ ಮತ್ತು ಬಾಡಿಗೆಗೆ ಲೆಕ್ಕ ಹಾಕುವ ಜಾಗವನ್ನು ಅಳೆಯುವುದು ಹೇಗೆ ಅಂತ ಅದು ಹೇಳುತ್ತದೆ. ಎಂಜಿನಿಯರುಗಳಿಗೆ ಪರಿಚಿತ. ಅದರಲ್ಲಿ ಕಾರ್ಪೆಟ್ ಅಂದರೆ ಇನ್ನೂ ಬಿಗಿ. ಗೋಡೆ ಬಿಡಿ, ಟಾಯ್ಲೆಟ್ಟು, ವರಾಂಡ, ಕಾರಿಡಾರು, ಮೆಟ್ಟಿಲು ಕೂಡ ಸೇರಲ್ಲ. ಪದ ಒಂದೇ, ಅರ್ಥ ಎರಡು. ಹಾಗಾಗಿ ಅಗ್ರಿಮೆಂಟಿನಲ್ಲಿ 'ಕಾರ್ಪೆಟ್' ಅಂತ ಬರೆಸಿದರೆ ಸಾಲದು, 'ರೇರಾ ಪ್ರಕಾರ' ಅಂತಲೋ 'ಗೋಡೆಯ ಒಳಮೈಯಿಂದ ಒಳಮೈಗೆ' ಅಂತಲೋ ಸೇರಿಸಿ.

ಈ ತಲೆನೋವು ನಮ್ಮದು ಮಾತ್ರ ಅಲ್ಲ. ಅಮೆರಿಕದ ಕಟ್ಟಡ ಮಾಲೀಕರ ಸಂಘ ಬೋಮಾ ಆಫೀಸು ಅಳೆಯುವ ಒಂದು ಪದ್ಧತಿಯನ್ನು 1915ರಲ್ಲೇ ಪ್ರಕಟಿಸಿತು. ಇವತ್ತಿಗೂ ಅಲ್ಲಿ 'ಬಳಸುವ ಜಾಗ' ಬೇರೆ, 'ಬಾಡಿಗೆ ಲೆಕ್ಕದ ಜಾಗ' ಬೇರೆ. ಹಾಂಗ್‌ಕಾಂಗ್‌ನಲ್ಲಿ ಹೊಸ ಫ್ಲಾಟುಗಳನ್ನು ಮಾರುವಾಗ ಸಾಮಾನ್ಯ ಜಾಗ ಸೇರಿಸಿ ದೊಡ್ಡ ನಂಬರು ತೋರಿಸುವುದನ್ನು 2013ರಲ್ಲಿ ಜಾರಿಗೆ ಬಂದ ಕಾಯ್ದೆ ನಿಲ್ಲಿಸಿತು.

ಇನ್ನು ಮನೆಯ ಕೋಣೆ

ಆಫೀಸಿನಲ್ಲಿ ಪ್ರಶ್ನೆ ಇದ್ದದ್ದು ನಂಬರು ಎಷ್ಟು ದೊಡ್ಡದಾಗಿ ಉಬ್ಬಿದೆ ಅಂತ. ಮನೆಯಲ್ಲಿ ಪ್ರಶ್ನೆ ಉಲ್ಟಾ. ಕೋಣೆ ಎಷ್ಟು ಚಿಕ್ಕದಾಗಬಹುದು? ಬಚ್ಚಲಿನಷ್ಟು ಜಾಗಕ್ಕೆ ಬಾಗಿಲಿಟ್ಟು ಬೆಡ್‌ರೂಮ್ ಅನ್ನಬಹುದಾ?

ಇದಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆ ಅಂತ ಇದೆ. ಮೊದಲು ಬಂದಿದ್ದು 1970ರಲ್ಲಿ, ಆಮೇಲೆ ಪರಿಷ್ಕರಿಸಿದ್ದು 1983, 2005 ಮತ್ತು 2016ರಲ್ಲಿ. ಇದು ಸೀದಾ ಕಾನೂನಲ್ಲ, ಮಾದರಿ. ನಿಮ್ಮೂರಿನ ಪಾಲಿಕೆಯೋ ಪುರಸಭೆಯೋ ತನ್ನ ಬೈಲಾದಲ್ಲಿ ತಗೊಂಡಾಗ ಅದು ಕಡ್ಡಾಯವಾಗುತ್ತದೆ. ಊರಿಂದ ಊರಿಗೆ ಚೂರು ಪಾರು ಬದಲಾಗಬಹುದು.

ಸಂಹಿತೆ ಹೇಳುವುದು ಹೀಗೆ. ವಾಸದ ಕೋಣೆ ಒಂದೇ ಇದ್ದರೆ ಅದು 9.5 ಚದರ ಮೀಟರಿಗೆ ಕಡಿಮೆ ಇರಬಾರದು, ಅಗಲ 2.4 ಮೀಟರಿಗೆ ಕಡಿಮೆ ಇರಬಾರದು. ಎರಡು ಕೋಣೆ ಇದ್ದರೆ ಒಂದು 9.5, ಇನ್ನೊಂದು 7.5 ಇದ್ದರೆ ಸಾಕು, ಎರಡನೆಯದರ ಅಗಲ 2.1 ಮೀಟರ್. ನಮ್ಮ ಭಾಷೆಗೆ ತಂದರೆ 9.5 ಅಂದರೆ 102 ಚದರ ಅಡಿ. ಮೇಸ್ತ್ರಿಯ ಒಂದು ಚದರಕ್ಕಿಂತ ಎರಡಡಿ ಜಾಸ್ತಿ. 7.5 ಅಂದರೆ 81 ಚದರ ಅಡಿಗೆ ಒಂಚೂರು ಕಡಿಮೆ.

ಅಡುಗೆಮನೆಗೆ, ಊಟದ ಜಾಗ ಬೇರೆ ಇದ್ದರೆ 5 ಚದರ ಮೀಟರ್, ಅಗಲ 1.8. ಅಲ್ಲೇ ಕೂತು ಉಣ್ಣುವುದಾದರೆ 7.5 ಚದರ ಮೀಟರ್, ಅಗಲ 2.1. ಬಚ್ಚಲು 1.8 ಚದರ ಮೀಟರ್, ಟಾಯ್ಲೆಟ್ಟು 1.1, ಎರಡೂ ಒಟ್ಟಿಗೆ ಇದ್ದರೆ 2.8, ಅಂದರೆ ಸುಮಾರು 30 ಚದರ ಅಡಿ.

ಹತ್ತು ಬೈ ಹತ್ತರ ಕತೆ

ನಮ್ಮಲ್ಲಿ ಬೆಡ್‌ರೂಮ್ ಅಂದರೆ ಎಲ್ಲರ ಬಾಯಲ್ಲೂ ಹತ್ತು ಬೈ ಹತ್ತು. 20 ಬೈ 30 ಸೈಟಿನಲ್ಲಿ ಮನೆ ಕಟ್ಟುವವರಿಗಂತೂ ಅದೇ ದೊಡ್ಡ ಕನಸು. ಆದರೆ ಹತ್ತು ಅಡಿ ಎಲ್ಲಿಂದ ಎಲ್ಲಿಗೆ?

ಗೋಡೆಯ ಒಳಮೈಯಿಂದ ಒಳಮೈಗೆ ಸರಿಯಾಗಿ ಹತ್ತು ಅಡಿ ಇದ್ದರೆ 100 ಚದರ ಅಡಿ, 9.29 ಚದರ ಮೀಟರ್. ನೋಡಿ, ಅದೇ 9.5ಕ್ಕೆ ಸಾಲಲಿಲ್ಲ! ಒಂದು ಕಡೆ ಮೂರು ಇಂಚು ಎಳೆದರೆ ಸರಿಹೋಗುತ್ತದೆ.

ಗೋಡೆಯ ನಡುವಿನಿಂದ ನಡುವಿಗೆ ಹತ್ತು ಅಡಿ ಹಾಕಿದ್ದರೆ, ಆರಿಂಚಿನ ಬ್ಲಾಕ್ ಗೋಡೆಗೆ ಎರಡೂ ಕಡೆ ಮೂರು ಮೂರು ಇಂಚು ಹೋಯಿತು. ಒಳಗೆ 9 ಅಡಿ 6 ಇಂಚು. 90 ಚದರ ಅಡಿ.

ಹೊರಮೈಯಿಂದ ಹೊರಮೈಗೆ ಹತ್ತು ಅಡಿ ಅಂದರೆ ಒಳಗೆ 9 ಬೈ 9. ಅಲ್ಲಿಗೆ 81. ಇನ್ನೂ ಪ್ಲಾಸ್ಟರ್ ಆಗಿಲ್ಲ. ಒಂದೊಂದು ಗೋಡೆಗೆ ಅರ್ಧ ಇಂಚು ಪ್ಲಾಸ್ಟರ್ ಬಿದ್ದರೆ 8 ಅಡಿ 11 ಇಂಚು ಉಳಿಯುತ್ತದೆ. ಗುಣಿಸಿದರೆ 79.5 ಚದರ ಅಡಿ. ಸಂಹಿತೆಯ ಚಿಕ್ಕ ಕೋಣೆಯ ಅಳತೆಗೂ ಕಡಿಮೆ ಆಯಿತು. ಮೂರಕ್ಕೂ ಹೆಸರು ಹತ್ತು ಬೈ ಹತ್ತು. ಮೊದಲನೆಯದಕ್ಕೂ ಕೊನೆಯದಕ್ಕೂ ವ್ಯತ್ಯಾಸ ಇಪ್ಪತ್ತು ಚದರ ಅಡಿ, ಒಂದು ಸಿಂಗಲ್ ಕಾಟ್ ಹಾಕುವಷ್ಟು ಜಾಗ.

ಪ್ಲಾನ್ ಕೈಗೆ ಬಂದಾಗ ಬಾಣದ ಗುರುತಿನ ತುದಿ ಎಲ್ಲಿ ಮುಟ್ಟಿದೆ ನೋಡಿ. ಗೋಡೆಯ ಒಳಗೆರೆಗಾ, ನಡುಗೆರೆಗಾ, ಹೊರಗೆರೆಗಾ. ಮೇಸ್ತ್ರಿ ಪಾಯ ಗುರುತು ಹಾಕುವ ದಿನವೂ ಇದನ್ನೇ ಕೇಳಿ. ಗೋಡೆ ಎದ್ದ ಮೇಲೆ ಕೇಳಿ ಪ್ರಯೋಜನ ಇಲ್ಲ.

ಅಗಲಕ್ಕೆ ಬೇರೆ ನಿಯಮ ಯಾಕೆ?

ಬರೀ ವಿಸ್ತೀರ್ಣ ಹೇಳಿ ಬಿಟ್ಟಿದ್ದರೆ ಏನಾಗುತ್ತಿತ್ತು? 20 ಅಡಿ ಉದ್ದ, 5 ಅಡಿ ಅಗಲ. 100 ಚದರ ಅಡಿ ಆಯಿತಲ್ಲ. ಆದರೆ ಅದು ಕೋಣೆ ಅಲ್ಲ, ಓಣಿ. ಅಲ್ಲಿ ಡಬಲ್ ಕಾಟ್ ಹಾಕಿದರೆ ಆಚೆ ಹೋಗೋಕೆ ಕಾಟ್ ಹತ್ತಿ ದಾಟಬೇಕು.

2.4 ಮೀಟರ್ ಅಂದರೆ 7 ಅಡಿ 10 ಇಂಚಿನ ಮೇಲೆ ಚೂರು. ಐದು ಅಡಿ ಅಗಲದ ಕಾಟನ್ನು ಒಂದು ಗೋಡೆಗೆ ಒತ್ತಿಟ್ಟರೆ ಇನ್ನೊಂದು ಕಡೆ 2 ಅಡಿ 10 ಇಂಚು ಉಳಿಯುತ್ತದೆ. ಒಬ್ಬರು ಆರಾಮಾಗಿ ನಡೆಯಬಹುದು, ಬೀರುವಿನ ಬಾಗಿಲು ತೆಗೆಯಬಹುದು. ಅಡುಗೆಮನೆಯ 1.8 ಮೀಟರ್ ಅಂದರೆ 5 ಅಡಿ 11 ಇಂಚು. ಎರಡಡಿ ಗ್ರಾನೈಟ್ ಕಟ್ಟೆ ಒಂದು ಕಡೆ ಮಾತ್ರ ಇದ್ದರೆ ಹತ್ತಿರ ನಾಲ್ಕಡಿ ಓಡಾಟಕ್ಕೆ ಸಿಗುತ್ತದೆ. ಎರಡೂ ಕಡೆ ಕಟ್ಟೆ ಹಾಕಿಸಿದಿರೋ, ನಡುವೆ ಎರಡಡಿಯೂ ಇಲ್ಲ. ಒಬ್ಬರು ಒಗ್ಗರಣೆ ಹಾಕುವಾಗ ಇನ್ನೊಬ್ಬರು ಪಾತ್ರೆ ತೊಳೆಯೋಕೆ ನಿಂತರೆ ಬೆನ್ನಿಗೆ ಬೆನ್ನು ತಾಗುತ್ತದೆ. ಫ್ರಿಜ್ ಬಾಗಿಲಂತೂ ಪೂರ್ತಿ ತೆಗೆಯೋಕೆ ಆಗಲ್ಲ.

ಎತ್ತರ 2.75 ಮೀಟರ್, ಅಂದರೆ ಒಂಬತ್ತಡಿ. ಬೀಮಿನ ಕೆಳಗೆ 2.4 ಮೀಟರ್ ಇರಬೇಕು. ಎಸಿ ಹಾಕಿದ ಕೋಣೆಗೆ ಸ್ವಲ್ಪ ಸಡಿಲ ಇದೆ, ಎಸಿ ಗಾಳಿಯ ಡಕ್ಟು ಅಥವಾ ಫಾಲ್ಸ್ ಸೀಲಿಂಗಿನ ಕೆಳತುದಿಗೆ 2.4 ಸಾಕು. ಒಂಬತ್ತಡಿ ಯಾಕೆ ಅಂತ ಫ್ಯಾನ್ ನೋಡಿದರೆ ಗೊತ್ತಾಗುತ್ತೆ. ಸೀಲಿಂಗಿನಿಂದ ಒಂದಡಿ ಕೆಳಗೆ ರೆಕ್ಕೆ ತಿರುಗುತ್ತಿರುತ್ತದೆ. ಅದರ ಕೆಳಗೆ ನಿಂತು ಕೈ ಮೇಲೆತ್ತಿ ಅಂಗಿ ಹಾಕಿಕೊಳ್ಳುವ ಮನುಷ್ಯ ಇರುತ್ತಾನೆ.

ಕಿಟಕಿ: ಮಂಗಳೂರಿಗೊಂದು, ಬೆಂಗಳೂರಿಗೊಂದು

ನನಗೆ ಈ ಸಂಹಿತೆಯಲ್ಲಿ ತುಂಬಾ ಇಷ್ಟವಾದದ್ದು ಈ ಭಾಗ. ಗಾಳಿ ಬೆಳಕಿಗೆ ಬಿಡಬೇಕಾದ ಜಾಗ ಊರಿನ ಹವೆ ನೋಡಿಕೊಂಡು ಬದಲಾಗುತ್ತದೆ. ಬಾಗಿಲು ಬಿಟ್ಟು, ಬರೀ ಕಿಟಕಿ ವೆಂಟಿಲೇಟರ್ ಲೆಕ್ಕ. ಬಿಸಿ ಮತ್ತು ಒಣ ಹವೆಯ ಕಡೆ ನೆಲದ ಹತ್ತನೇ ಒಂದು ಭಾಗ. ಬಿಸಿ ಮತ್ತು ತೇವದ ಕಡೆ ಆರನೇ ಒಂದು. ನಡುವಿನ ಹವೆಗೆ ಎಂಟನೇ ಒಂದು. ಚಳಿ ಪ್ರದೇಶಕ್ಕೆ ಹನ್ನೆರಡನೇ ಒಂದು.

ಅಂದರೆ ಅದೇ 100 ಚದರ ಅಡಿ ಕೋಣೆಗೆ ಬೆಂಗಳೂರಿನಂಥ ಹವೆಯಲ್ಲಿ 12.5 ಚದರ ಅಡಿ ಕಿಟಕಿ ಸಾಕು. ಮಂಗಳೂರಿನ ಸೆಖೆಗೆ ಹತ್ತಿರ 17 ಬೇಕು. ನಾಲ್ಕಡಿ ಬೈ ನಾಲ್ಕಡಿ ಕಿಟಕಿ ಒಂದು ಬೆಂಗಳೂರಿನಲ್ಲಿ ಧಾರಾಳ, ಮಂಗಳೂರಿನಲ್ಲಿ ಮೇಲೊಂದು ವೆಂಟಿಲೇಟರ್ ಬೇಕಾಗುತ್ತದೆ. ಉದ್ದ ಕೋಣೆಗೂ ಒಂದು ಮಿತಿ ಇದೆ. ಕಿಟಕಿಯಿಂದ 7.5 ಮೀಟರಿಗಿಂತ ದೂರ ಇರುವ ಭಾಗಕ್ಕೆ ಆ ಕಿಟಕಿಯ ಬೆಳಕು ಸಿಕ್ಕಿತು ಅಂತ ಲೆಕ್ಕ ಹಿಡಿಯುವ ಹಾಗಿಲ್ಲ.

ಪಿಜಿಯ 70 ಅಡಿ

2024ರಲ್ಲಿ ಬಿಬಿಎಂಪಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ ಇರಬೇಕು ಅಂತ ಅದರಲ್ಲಿದೆ. ಹತ್ತಡಿ ಬೈ ಏಳಡಿ. ಹಾಗೆ ನೋಡಿದರೆ ಹತ್ತು ಬೈ ಹತ್ತರ ರೂಮಿನಲ್ಲಿ ಇಬ್ಬರನ್ನು ಹಾಕಿದರೂ ಜಾಗ ಸಾಲದು, 140 ಬೇಕು. ಮೂರು ಮಂಚ ಇರುವ ರೂಮುಗಳನ್ನು ನೀವೂ ನೋಡಿರುತ್ತೀರಿ.

ಈ 70 ಬೇರೆ ಕಡೆಯೂ ಸಿಗುತ್ತದೆ. ಅಮೆರಿಕದ ಮಾದರಿ ಮನೆ ಸಂಹಿತೆಯಲ್ಲಿ ವಾಸದ ಕೋಣೆಗೆ 70 ಚದರ ಅಡಿ, ಅಗಲ ಏಳಡಿ. ಇಂಗ್ಲೆಂಡಿನಲ್ಲಿ ಬೇರೆ ಬೇರೆ ಕುಟುಂಬದ ಐದು ಜನ ಅಥವಾ ಅದಕ್ಕಿಂತ ಹೆಚ್ಚು ಜನ ಹಂಚಿಕೊಂಡಿರುವ ಮನೆಗೆ ಲೈಸೆನ್ಸ್ ಬೇಕು. 2018ರ ಅಕ್ಟೋಬರಿನಿಂದ ಅಲ್ಲಿ ದೊಡ್ಡವರೊಬ್ಬರು ಮಲಗುವ ಕೋಣೆ 6.51 ಚದರ ಮೀಟರಿಗೆ ಕಡಿಮೆ ಇರುವಂತಿಲ್ಲ, ಅದೂ 70 ಚದರ ಅಡಿಯೇ. ಇಬ್ಬರಿಗೆ 10.22. ನಿಮ್ಮ ಮಕ್ಕಳು ಅಲ್ಲಿ ಓದುತ್ತಾ ಅಟ್ಟದ ಮೇಲಿನ ರೂಮು ಹಿಡಿದಿದ್ದರೆ ಒಂದು ಮಾತು ಹೇಳಿ. ಇಳಿಜಾರು ಸೂರಿನ ಕೆಳಗೆ ಎತ್ತರ ಒಂದೂವರೆ ಮೀಟರಿಗಿಂತ ಕಡಿಮೆ ಇರುವ ಜಾಗವನ್ನು ಈ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ.

ಟೇಪ್ ಹಿಡಿಯುವಾಗ

ಗೋಡೆಯ ಬುಡಕ್ಕೆ ಅಂಟಿಸಿದ ಸ್ಕರ್ಟಿಂಗ್ ಟೈಲಿಗಿಂತ ಮೇಲೆ, ಗೋಡೆಗೇ ತಾಗಿಸಿ ಅಳೆಯಿರಿ. ಕೋಣೆಯ ಎರಡೂ ತುದಿಯಲ್ಲಿ ಅಳೆಯಿರಿ, ಯಾಕೆಂದರೆ ಮೂಲೆಮಟ್ಟ ಸರಿ ಇಲ್ಲದ ಗೋಡೆಗಳೇ ಜಾಸ್ತಿ. ಲೇಸರ್ ಮೀಟರ್ ಆದರೆ ಅದರ ಹಿಂಬದಿ ಗೋಡೆಗೆ ತಾಗಿರಬೇಕು. ಮಾಮೂಲಿ ಸೆಟ್ಟಿಂಗಿನಲ್ಲಿ ಅದು ಹಿಂಬದಿಯಿಂದಲೇ ಲೆಕ್ಕ ಶುರು ಮಾಡುತ್ತದೆ. ಏನೂ ಇಲ್ಲದಿದ್ದರೆ ಟೈಲ್ಸ್ ಎಣಿಸಿ, ಆದರೆ 4ರಿಂದ ಗುಣಿಸಬೇಡಿ. ನಮ್ಮ 208 ಟೈಲಿಗೆ 4 ಹಾಕಿದ್ದರೆ 832 ಬರುತ್ತಿತ್ತು. 26 ಅಡಿ ಸುಮ್ನೆ ಹುಟ್ಟಿಕೊಳ್ಳುತ್ತಿತ್ತು.

ಭಾವ ಆಮೇಲೆ ಮಾಲೀಕರ ಹತ್ತಿರ ಹೋಗಿ ಕೂತರು. ಬಾಡಿಗೆ ಒಂದು ರೂಪಾಯಿ ಇಳಿಯಲಿಲ್ಲ. 'ಎಲ್ಲಾ ಕಡೆ ಹೀಗೇ' ಅನ್ನುವ ಉತ್ತರವೇ ಬಂತು. ಆದರೆ ಅಗ್ರಿಮೆಂಟ್ ರಿನ್ಯೂ ಮಾಡುವಾಗ ಕೊನೆಗೆ ಒಂದು ಹಾಳೆ ಸೇರಿಸೋಕೆ ಅವರು ಒಪ್ಪಿದರು. ಅದರಲ್ಲಿ ಆಫೀಸಿನ ನಕ್ಷೆ ಇದೆ, ಎರಡು ಪಿಲ್ಲರಿನ ಗುರುತಿದೆ, ಮೂಲೆಯಲ್ಲಿ 'ಕಾರ್ಪೆಟ್ 800 ಚದರ ಅಡಿ, ಗೋಡೆಯ ಒಳಮೈಯಿಂದ ಒಳಮೈಗೆ' ಅಂತ ಬರೆದಿದೆ. ಕೆಳಗೆ ಇಬ್ಬರ ಸಹಿ.